ಪಂಕ್ಚರ್ ಹುಡುಕಲು ಪೇಟಿಯನ್ನು ನೀರಿಗಿಳಿಸಿದ್ದು

ಆ ಸೋಮವಾರ ಸಂಜೆ ಎಂದಿನಂತೆ ನಮ್ಮ ಮನೆಯಲ್ಲಿ ಭಜನೆ ಇತ್ತು. ನನ್ನ ಹೆಂಡತಿ ಗಂಗವ್ವ, ಮೂಡಲಗಿಯ ತವರಿನಿಂದ ತಂದ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು ತಾಳ ಹಾಕುತ್ತಿದ್ದರು. ನನ್ನ ಪಾಲಿಗೆ ಎರಡೇ ಕೆಲಸ: ಮೊದಲಿಗೆ ಪೇಟಿಯನ್ನು ಕಪಾಟಿನಿಂದ ಇಳಿಸುವುದು, ಕೊನೆಗೆ ಚಹಾ ಇಡುವುದು.

ಚಹಾಕ್ಕೆ ಅವಳು ಬಾಯಿಬಿಟ್ಟು ಕೂಗುತ್ತಿರಲಿಲ್ಲ. ಕೊನೆಯ ಹಾಡು ಮುಗಿದ ಮೇಲೂ ಒಂದು ಬಿಳಿ ಪಟ್ಟಿಯನ್ನು ಒತ್ತಿ ಹಿಡಿಯುತ್ತಿದ್ದಳು. ಉದ್ದಕ್ಕೆ, ಒಂದೇ ಸ್ವರ. ಉಳಿದವರು ಅದನ್ನು ಭಕ್ತಿ ಎಂದುಕೊಂಡು ಕಣ್ಣು ಮುಚ್ಚುತ್ತಿದ್ದರು. ನಾನು ಒಲೆ ಹಚ್ಚುತ್ತಿದ್ದೆ!

ಅಂದೂ ಹಚ್ಚಿದೆ. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ವರ್ಷ ತುಂಬುತ್ತ ಬಂತು. ಪುಣ್ಯತಿಥಿಯ ದಿನ ಅವಳ ಪೇಟಿಯ ಮೇಲೆಯೇ ಹಾಡಬೇಕೆಂದು ಭಜನೆಯವರು ಹೇಳಿದರು. ಇಳಿಸಿ ನೋಡಿದರೆ, ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿತ್ತು. ಪಟ್ಟಿ ಒತ್ತಿದರೆ ಬರೀ ಉಸಿರು ಬರುತ್ತಿತ್ತು.

ಹುಕ್ಕೇರಿಯ ಪೇಟಿ ಮೇಸ್ತ್ರಿಗೆ ಫೋನ್ ಮಾಡಿದೆ.

"ಎರಡೂವರಿ ಸಾವಿರ ಆಕ್ಕೈತ್ರಿ."

"ಒಂದು ತೂತಿಗೇನ್ರಿ?"

"ತೂತು ಸಣ್ಣದ ಇರತೈತ್ರಿ. ಕೆಲಸ ಸಣ್ಣದಲ್ಲ."

ಫೋನ್ ಇಟ್ಟುಬಿಟ್ಟೆ. ಅಂಕಲಗಿಯಲ್ಲಿ ಗೋಕಾಕ ರಸ್ತೆಗೆ ಹೊಂದಿಕೊಂಡು ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಸೈಕಲ್ಲಿನಿಂದ ಟ್ರ್ಯಾಕ್ಟರ್‌ವರೆಗೆ ನಾನು ತೇಪೆ ಹಚ್ಚದ ಗಾಲಿ ಇಲ್ಲ. ಗಾಳಿ ಸೋರುವ ವಸ್ತು ಯಾವುದೇ ಇರಲಿ, ಅದು ನನ್ನ ಖಾತೆಗೆ ಸೇರಿದ್ದು ಎಂದು ಗಂಭೀರವಾಗಿ ತೀರ್ಮಾನಿಸಿದೆ.

ತೇಪೆ ಹಚ್ಚಿದೆ. ಆದರೂ ಸೋರಿತು. ಬೇರೆ ಎಲ್ಲೋ ಸಣ್ಣ ತೂತು ಇರಬೇಕು. ಅದನ್ನು ಹುಡುಕುವ ಶಾಸ್ತ್ರೋಕ್ತ ವಿಧಾನ ನನಗೆ ಚೆನ್ನಾಗಿ ಗೊತ್ತು. ಅಂಗಡಿಯ ದೊಡ್ಡ ಕಬ್ಬಿಣದ ಬುಟ್ಟಿಯನ್ನು ಮನೆಗೆ ತಂದು ನೀರು ತುಂಬಿಸಿದೆ. ಪೇಟಿಯ ಹಿಂಬದಿಯನ್ನು ಮೆಲ್ಲಗೆ ಅದರಲ್ಲಿ ಇಳಿಸಿ ತಿದಿ ಒತ್ತಿದೆ.

ಗುಳ್ಳೆ ಬಂದವು. ಎಲ್ಲ ಕಡೆಯಿಂದಲೂ ಬಂದವು!

ಗಾಬರಿಯಾಗಿ ಪೇಟಿಯನ್ನು ಎತ್ತಿ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ಕಟ್ಟಿಗೆ ಉಬ್ಬಿ, ಪಟ್ಟಿಗಳು ಒಳಗೇ ಕಚ್ಚಿಕೊಂಡಿದ್ದವು. ತಿದಿ ಒತ್ತಿದ್ದೇ ತಡ, ಹತ್ತೆಂಟು ಸ್ವರಗಳು ಒಟ್ಟಿಗೆ ಗೋಳೋ ಎಂದವು. ಹೌಹಾರಿ ಕೈ ಬಿಟ್ಟರೂ, ಒಳಗಿನ ಗಾಳಿ ತೀರುವ ತನಕ ಅದು ಅಳುವುದನ್ನು ನಿಲ್ಲಿಸಲಿಲ್ಲ.

ಬಾಜೂ ಮನೆಯ ಶಾಂತವ್ವ ಸೆರಗು ಹೊದ್ದು ಓಡಿಬಂದಳು. ಅವಳ ಹಿಂದೆ ಅರ್ಧ ಓಣಿ.

"ಅಳ್ರಿ ಕಾಕಾ, ಅಳ್ರಿ! ವರ್ಷಾತು, ಒಂದ್ ಹನಿ ಕಣ್ಣೀರು ಹಾಕಿರಲಿಲ್ಲ ನೀವು. ಇವತ್ತರ ಅತ್ತರಲ್ಲ, ಹಗುರ ಆಗ್ರಿ!"

"ನಾ ಅಳಾಕತ್ತಿಲ್ಲ ಶಾಂತವ್ವ. ಪೇಟಿ ಅಳಾಕತ್ತೈತಿ."

ಯಾರೂ ನಂಬಲಿಲ್ಲ. ಒತ್ತಿ ತೋರಿಸಿದೆ. ನಂಬಿದರು. ಬುಟ್ಟಿಯ ನೀರನ್ನೂ ನೋಡಿದರು.

"ನೀರಾಗ ಯಾಕ ಅದ್ದೀರಿ ಇದನ್ನ?"

"ಗುಳ್ಳಿ ನೋಡಾಕ."

ಶಾಂತವ್ವ ಹಣೆ ಬಡಿದುಕೊಂಡಳು. "ನಮ್ಮ ಗಂಗವ್ವ ಕಾಕು ಇದ್ದಿದ್ರ ನಿಮ್ಮನ್ನ ಇದರಾಗ ಅದ್ದತಿದ್ರು!"

ಅದು ಖರೆ.

ಮರುದಿನ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ತಗ್ಗು ಬಂದಾಗಲೆಲ್ಲ ಅದು ನರಳುತ್ತಿತ್ತು. ಬಾಜೂ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಮೇಸ್ತ್ರಿ ಹುರಿಮೀಸೆಯ ಆಸಾಮಿ. ಮುಚ್ಚಳ ತೆಗೆದು, ಮೂಸಿ ನೋಡಿ ಕೇಳಿದರು: "ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ?"

"ನಮ್ಮೂರಾಗ ಒಬ್ಬ ಪಂಕ್ಚರ್ ಅಂಗಡಿಯಾಂವ ಅದಾನ್ರಿ."

"ಅಂವಗ ಟೈರ್ ನುಡಿಸಾಕ ಹೇಳ್ರಿ! ಈಗ ನಾಕ ಸಾವಿರ ಆಕ್ಕೈತಿ. ಇಲಿ ಮಾಡಿದ್ದಕ್ಕ ಎರಡೂವರಿ. ಅಂವ ಮಾಡಿದ್ದಕ್ಕ ಒಂದೂವರಿ."

"ಸ್ವಲ್ಪ ಕಡಿಮಿ ಮಾಡ್ರಿ."

"ಹಂಗಾರ ನೀವ ಮಾಡ್ಕೋರಿ!"

ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತೇ ಅದು!

ನೆರಳಲ್ಲಿ ಒಣಗಿಸಬೇಕೆಂದು ಪೇಟಿಯನ್ನು ಇಟ್ಟುಕೊಂಡರು. ಮುಂದಿನ ವಾರ ಹೋದಾಗ ತಿದಿಯ ಕೆಲಸ ನಡೆದಿತ್ತು. ಪಕ್ಕದಲ್ಲೇ ಕೂತೆ. ತೆಳ್ಳನೆಯ ತೊಗಲನ್ನು ಇನ್ನೂ ತೆಳ್ಳಗೆ ಹೆರೆದು, ಮಡಿಕೆ ಮಡಿಕೆಗೂ ಅಂಟಿಸಿದರು. ಆಮೇಲೆ ಗಾಳಿ ತುಂಬಿ, ತಮ್ಮ ಗಲ್ಲವನ್ನು ಮಡಿಕೆಯ ಹತ್ತಿರ ಒಯ್ದು ಕಣ್ಣು ಮುಚ್ಚಿದರು.

"ಇಲ್ಲೊಂದು ಸೋರತೈತಿ ನೋಡ್ರಿ."

ಹುರಿಮೀಸೆಯ ಒಂದು ಕೂದಲೂ ಅಲುಗಿರಲಿಲ್ಲ! ನಾನೂ ಗಲ್ಲ ಒಡ್ಡಿದೆ. ನನಗೇನೂ ತಿಳಿಯಲಿಲ್ಲ. ಅಲ್ಲಿ ಅಂಟು ಹಚ್ಚಿದರು. ತಿದಿ ಮಲಗಿದ ಕೂಸಿನಂತೆ ಉಸಿರಾಡಿತು. ಒಂದೊಂದೇ ಸ್ವರವನ್ನು ಕೇಳಿ, ಅದರ ಹಿತ್ತಾಳೆ ನಾಲಿಗೆಯನ್ನು ಉಜ್ಜಿ, ಮತ್ತೆ ಕೇಳಿ ಕೂಡಿಸಿದರು.

"ನನ್ನಂಥ ಕೆಲಸಗಾರ ಈ ಸೀಮ್ಯಾಗ ಇಲ್ರಿ" ಎಂದು ಅವರೇ ಹೇಳಿಕೊಂಡರು. ಒಪ್ಪಿದೆ. ನಾಲ್ಕು ಸಾವಿರವನ್ನು ಎರಡೂ ಕೈಯಲ್ಲಿ ಕೊಟ್ಟೆ. ಇನ್ನೂ ಕೊಡಬೇಕು ಅನ್ನಿಸಿತು. ಅನ್ನಿಸಿತು ಅಷ್ಟೇ, ಕೊಡಲಿಲ್ಲ!

ಪುಣ್ಯತಿಥಿಯ ದಿನ ಶಾಂತವ್ವ ಪೇಟಿ ನುಡಿಸಿದಳು. ಅದೆಂಥ ನಾದ! ಕೊನೆಯ ಹಾಡು ಮುಗಿಯಿತು. ನಾನು ಅಡುಗೆಮನೆಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದೆ. ಹೊರಗೆ ಎಲ್ಲರೂ ಚಹಾಕ್ಕೆ ಕಾದು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಶಾಂತವ್ವ ಇಣುಕಿದಳು.

"ಕಾಕಾ, ಚಾ ಇಡಲಿಲ್ಲೇನ್ರಿ?"

"ಇನ್ನೂ ಹೇಳಿಲ್ಲವ್ವಾ" ಎಂದುಬಿಟ್ಟೆ.

"ಯಾರು?"

ಕಡ್ಡಿ ಗೀರಿದೆ. ಪೇಟಿ ಈಗ ಎಲ್ಲೂ ಸೋರುವುದಿಲ್ಲ. ಹಾಡು ಮುಗಿದ ಮೇಲೂ ಆ ಬಿಳಿ ಪಟ್ಟಿಯನ್ನು ಒತ್ತಿ ಹಿಡಿಯುವ ಬೆರಳು ಇಲ್ಲ.