ಜಮೈಕಾದಲ್ಲಿ ಆದ ಮದುವೆ

ವೆಂಡೆಲ್ ಟಕೆಟ್ ಅವತ್ತು ಕ್ಷೌರಕ್ಕೆ ಹೋಗದಿದ್ದರೆ ಅವನ ಸಂಸಾರ ನೆಟ್ಟಗಿರುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ಅಮೆರಿಕದ ಒಕ್ಲಹೋಮ ರಾಜ್ಯದ ಜನ ಮತ ಹಾಕಿ, ನಮ್ಮ ಕೋರ್ಟುಗಳು ಇನ್ನು ಮೇಲೆ ಪರದೇಶದ ಕಾನೂನನ್ನು ಮೂಸಿಯೂ ನೋಡಕೂಡದು ಎಂದು ತೀರ್ಮಾನಿಸಿದ್ದರು. ಅದಕ್ಕಾಗಿ ತನ್ನ ಟೈರ್ ಅಂಗಡಿಗೆ ಬಂದವರ ತಲೆಯನ್ನೆಲ್ಲ ತಿಂದಿದ್ದ ವೆಂಡೆಲ್‌ಗೆ ಗೆಲುವಿನ ಜಂಬ ಕೊಚ್ಚಿಕೊಳ್ಳಲು ಒಂದು ಜಾಗ ಬೇಕಿತ್ತು. ಡ್ರೈ ಫೋರ್ಕ್‌ನಂಥ ಊರಿನಲ್ಲಿ ಅಂಥ ಜಾಗ ಲೈಲ್‌ನ ಕ್ಷೌರದಂಗಡಿಯೇ.

ಲೈಲ್ ಎಲ್ಲವನ್ನೂ ಕೇಳಿಸಿಕೊಂಡು, ವೆಂಡೆಲ್‌ನ ಮುಖಕ್ಕೆ ನೊರೆ ಬಳಿಯುತ್ತಾ, "ಅಲ್ಲ ಕಣಯ್ಯಾ, ನಿನ್ನ ಮದುವೆ ಆಗಿದ್ದು ಜಮೈಕಾದಲ್ಲಲ್ವಾ?" ಎಂದ.

ಹೌದು. ಟೈರ್ ಕಂಪನಿಯವರು ಬಹುಮಾನವಾಗಿ ಕಳಿಸಿದ್ದ ಪ್ರವಾಸದಲ್ಲಿ, ಕಡಲ ದಂಡೆಯ ಮೇಲೆ, ಬರಿಗಾಲಲ್ಲಿ, ಅಲ್ಲಿಯದೇ ಪಾದ್ರಿಯಿಂದ ಆಗಿತ್ತು.

"ಹಂಗಾದ್ರೆ ಅದು ಪರದೇಶದ ಕಾನೂನು. ನಮ್ ಕೋರ್ಟಿನ ಕಣ್ಣಿಗೇ ಬೀಳಲ್ಲ. ಇಷ್ಟು ವರ್ಷ ರೋವೀನಾ ಜೊತೆ ಸುಮ್ನೆ ಇದ್ದೀಯ ಅಂತಾಯ್ತು."

ಸರದಿಗೆ ಕಾದಿದ್ದವರಲ್ಲಿ ಒಬ್ಬನಾದರೂ ನಕ್ಕಿದ್ದರೆ ವೆಂಡೆಲ್‌ಗೆ ಧೈರ್ಯ ಬರುತ್ತಿತ್ತು. ಯಾರೂ ನಗಲಿಲ್ಲ. ಒಬ್ಬರು ಈ ಭಾನುವಾರ ಚರ್ಚಿನಲ್ಲಿ ಗಂಡಹೆಂಡಿರು ಬೇರೆ ಬೇರೆ ಬೆಂಚಿನಲ್ಲಿ ಕೂರುವುದು ಮರ್ಯಾದೆ ಎಂದು ಸಲಹೆ ಕೊಟ್ಟರು. ಇನ್ನೊಬ್ಬರು ಮನೆ ಯಾರ ಹೆಸರಲ್ಲಿದೆ ಎಂದು ವಿಚಾರಿಸಿದರು. ಮನೆ ರೋವೀನಾಳ ಅಪ್ಪನದು. ವೆಂಡೆಲ್ ಅರ್ಧ ಗಡ್ಡದಲ್ಲೇ ಎದ್ದು ಓಡಿದ.

ಕೋರ್ಟಿನಲ್ಲಿ ಮದುವೆಯ ಪರವಾನಗಿ ಕೊಡುವ ಗುಮಾಸ್ತೆ ಅವನ ನೊರೆ ಮುಖ ನೋಡಿ, ಈ ಮೊದಲು ಮದುವೆ ಆಗಿದೆಯೋ ಎಂದು ಕೇಳಿದಳು. ಆಗಿದೆ ಎಂದರೆ ಹೆಂಡತಿ ಎಲ್ಲಿ ಎನ್ನುತ್ತಾಳೆ, ಇಲ್ಲ ಎಂದರೆ ಊರೇ ನಗುತ್ತದೆ. ಅವನು ತಲೆಯನ್ನು ಅತ್ತಲೂ ಇತ್ತಲೂ ಆಡಿಸಿದ. ಹೆಣ್ಣನ್ನು ಕರೆದುಕೊಂಡು ಬನ್ನಿ ಎಂದು ಅವಳು ಕಿಟಕಿ ಮುಚ್ಚಿದಳು.

ಮನೆಗೆ ಅವನಿಗಿಂತ ಮೊದಲು ಸುದ್ದಿ ಮುಟ್ಟಿತ್ತು. ರೋವೀನಾ ಬಿಸ್ಕತ್ತಿನ ಹಿಟ್ಟು ನಾದುತ್ತಿದ್ದಳು. ಅವಳಿಲ್ಲದ ಅಡುಗೆಮನೆಯನ್ನು ನೆನೆದು ವೆಂಡೆಲ್‌ಗೆ ನಿಜಕ್ಕೂ ಅಳು ಬಂತು. ನಡಿ, ಇವತ್ತೇ ಇನ್ನೊಂದು ಸಲ ಮದುವೆಯಾಗೋಣ ಎಂದು ಗೋಗರೆದ.

"ಯೋಚ್ನೆ ಮಾಡ್ಬೇಕು ವೆಂಡೆಲ್," ಎಂದಳು ರೋವೀನಾ. "ಆವಾಗ ಸಮುದ್ರ ನೋಡಿ ಮರುಳಾಗಿ ಹೂಂ ಅಂದ್ಬಿಟ್ಟಿದ್ದೆ. ಇಲ್ಲಿ ಸಮುದ್ರ ಇಲ್ವಲ್ಲ."

ಊಟದ ಹೊತ್ತಿನವರೆಗೆ ಯೋಚಿಸಿ ಅವಳು ಮೂರು ಷರತ್ತು ಹಾಕಿದಳು. ಹಜಾರದ ಗೋಡೆಯ ಮೇಲಿನ ಜಿಂಕೆಯ ತಲೆ ಹೊರಗೆ ಹೋಗಬೇಕು. ಶನಿವಾರದ ಮೀನು ಹಿಡಿಯುವ ಚಟ ಬಿಡಬೇಕು. ಟಲ್ಸಾದಲ್ಲಿರುವ ತನ್ನ ತಾಯಿ ಇನ್ನು ಇಲ್ಲೇ ಇರಬೇಕು. ಮೂರನೆಯದನ್ನು ವೆಂಡೆಲ್ ಎರಡು ಸಲ ಹೇಳಿಸಿ ಕೇಳಿದ. ಆದರೂ ಒಪ್ಪಿದ. ಒಪ್ಪದೆ ಏನು ಮಾಡಿಯಾನು?

ಸಂಜೆ ನ್ಯಾಯಾಧೀಶೆ ಪ್ರೂಯಿಟ್ ಅವರ ಮುಂದೆ ಅರ್ಧ ಊರೇ ನೆರೆಯಿತು. ಸಾಕ್ಷಿಗೆ ಲೈಲ್ ಇದ್ದ. ಜಡ್ಜಮ್ಮ ವೆಂಡೆಲ್‌ನಿಂದ ಬಲಗೈ ಎತ್ತಿಸಿ, ಮೂರೂ ಷರತ್ತನ್ನು ಎಲ್ಲರಿಗೂ ಕೇಳುವಂತೆ ಆಣೆಯಿಡಿಸಿ ಹೇಳಿಸಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಸರಿ. ಆದ್ರೆ ಮದುವೆ ಮಾತ್ರ ಮಾಡ್ಸೋಕಾಗಲ್ಲ. ನಿಮಗೆ ಆಗಲೇ ಆಗಿದೆ. ಹೊರಗೆ ಸರಿಯಾಗಿ ಆದ ಮದುವೆನ ಇಲ್ಲೂ ಒಪ್ಪಬೇಕು ಅನ್ನೋದು ನಮ್ಮ ರಾಜ್ಯದ್ದೇ ಕಾನೂನು. ಬೆಳಿಗ್ಗೆನೇ ಫೋನಲ್ಲಿ ನಿಮ್ಮ ಹೆಂಡತಿಗೆ ಹೇಳಿದ್ನಲ್ಲ."

ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಷರತ್ತುಗಳೂ ರದ್ದು ತಾನೇ ಎಂದು ಹಲ್ಲು ಕಿರಿದ.

ರೋವೀನಾ ಅವನ ಕತ್ತಿಗೆ ಅಂಟಿದ್ದ ಒಣ ನೊರೆಯನ್ನು ಮೆತ್ತಗೆ ಕರವಸ್ತ್ರದಿಂದ ಒರೆಸಿದಳು. "ಮದುವೆ ಜಮೈಕಾದ್ದು, ವೆಂಡೆಲ್. ಆಣೆ ಇಟ್ಟಿದ್ದು ಒಕ್ಲಹೋಮದಲ್ಲಿ."

ಹಿಂದಿನ ಬೆಂಚಿನಲ್ಲಿ ಆಗಲೇ ಬಂದು ಕೂತಿದ್ದ ಅತ್ತೆ, ಎದ್ದು ಬಂದು ತನ್ನ ಬಟ್ಟೆಯ ಪೆಟ್ಟಿಗೆಯನ್ನು ಅಳಿಯನ ಕೈಗೆ ಕೊಟ್ಟಳು.