ದಾರದಲ್ಲಿ ಅಳೆದು ತಂದ ಭದ್ರಾವತಿ

ನನ್ನ ಸೋದರಮಾವನಿಗೆ ಇಡೀ ಜೀವಮಾನದಲ್ಲಿ ಇದ್ದದ್ದು ಒಂದೇ ಒಂದು ಶತ್ರು. ಅದರ ಹೆಸರು ಶಿವಮೊಗ್ಗ! ಒಂದು ಊರಿನ ಮೇಲೆ ಯಾರಾದರೂ ಹಗೆ ಸಾಧಿಸುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮ ಮಾವನನ್ನು ನೋಡದವರು ಮಾತ್ರ ಹಾಗೆ ಕೇಳುತ್ತಾರೆ. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾವು ಇದ್ದದ್ದು ಶಿವಮೊಗ್ಗದ ಕೋಟೆಯ ಹತ್ತಿರ. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಮಾವ ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವಾಗಿನ ಮುಖ ನೋಡಿದರೆ ಯಾವುದೋ ಪರದೇಶದ ಗಡಿ ದಾಟಿ ಬಂದಿದ್ದಾರೆ ಅನ್ನಿಸುತ್ತಿತ್ತು.

"ಏನೂರೇ ಇದು ಮಾರಾಯ್ತಿ! ಹೋದ್ ತಿಂಗ್ಳು ಬಂದಾಗ ಗದ್ದೆ ಇದ್ದಲ್ಲಿ ಈಗ ಮನೆ ಎದ್ದಿದೆ. ಬೇಲಿ ಹಾಕ್ದೆ ಬಿಟ್ಟ ಕುಂಬಳಬಳ್ಳಿ ಕಣೇ ನಿಮ್ಮೂರು. ಎತ್ಲಾಗೆ ಬೇಕಾದ್ರೂ ಹಬ್ಬತ್ತೆ!"

"ಊರು ಬೆಳೀಬಾರ್ದಾ ಮಾವ?"

"ಬೆಳೀಲಿ. ಆದ್ರೆ ಯಾರನ್ನಾದ್ರೂ ಕೇಳಿ ಬೆಳೀಬೇಕು. ನಮ್ಮ ಭದ್ರಾವತಿ ನೋಡು, ಮೊದ್ಲು ರಸ್ತೆ, ಆಮೇಲೆ ಚರಂಡಿ, ಆಮೇಲೆ ಮರ, ಕೊನೆಗೆ ಮನುಷ್ಯರು. ನಿಮ್ಮಲ್ಲಿ ಮೊದ್ಲು ಮನುಷ್ಯರು, ಚರಂಡಿ ಇನ್ನೂ ಬರ್ಬೇಕು!"

ಇಷ್ಟಕ್ಕೂ ಮಾವ ಭದ್ರಾವತಿಯಲ್ಲಿ ಹುಟ್ಟಿದವರೇ ಅಲ್ಲ ಎಂದರೆ ನಂಬುತ್ತೀರಾ? ಅಮ್ಮನೂ ಅವರೂ ಹುಟ್ಟಿದ್ದು ಶಿವಮೊಗ್ಗದ ಪಕ್ಕ, ತುಂಗೆಯ ದಡದ ಒಂದು ಹಳ್ಳಿಯಲ್ಲಿ. ತುಂಗೆಯ ನೀರು ಕುಡಿದು, ತುಂಗೆಯಲ್ಲಿ ಈಜು ಕಲಿತು, ಮೀಸೆ ಮೂಡಿದ ಮೇಲೆ ಕಾರ್ಖಾನೆಯ ಕೆಲಸಕ್ಕೆಂದು ಭದ್ರಾವತಿಗೆ ಹೋದವರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಮ್ಮ ಮಾವ ಮೂವತ್ತು ವರ್ಷವಾದರೂ ಎತ್ತೆತ್ತಿಯೇ ಒಗೆಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ವಾದಕ್ಕೆ ನಾನೇ ಬೇಕಾಗಿತ್ತು, ನನಗೂ ಅವರೇ ಬೇಕಾಗಿತ್ತು.

ತೊಂಬತ್ತರ ದಶಕದಲ್ಲಿ, ನಾನು ಕಾಲೇಜಿಗೆ ಹೋಗುತ್ತಿದ್ದಾಗ, ರಜೆ ಬಂತೆಂದರೆ ಮಾವನ ಕ್ವಾರ್ಟರ್ಸಿಗೆ ಓಡುತ್ತಿದ್ದೆ. ಅಲ್ಲಿ ಗಡಿಯಾರಕ್ಕೆ ಮರ್ಯಾದೆಯೇ ಇರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ಒಮ್ಮೆ ರೇಡಿಯೋದಲ್ಲಿ ವಾರ್ತೆ ಶುರುವಾಯಿತು, ಸೈರನ್ ಇನ್ನೂ ಕೂಗಿರಲಿಲ್ಲ. ಮಾವ ರೇಡಿಯೋ ಕಡೆ ಕನಿಕರದಿಂದ ನೋಡಿ, "ಪಾಪ, ದೆಹಲಿಯೋರು ಎರಡು ನಿಮಿಷ ಮುಂದೆ ಓಡ್ತಿದಾರೆ" ಎಂದರು! ನಮ್ಮ ಮನೆಗೆ ಬಂದಾಗ ಮಾತ್ರ ಅವರ ಹೊಟ್ಟೆಗೆ ದಿಕ್ಕು ತಪ್ಪುತ್ತಿತ್ತು. ತಟ್ಟೆಯ ಮುಂದೆ ಕೂತು ಕಿವಿ ನಿಮಿರಿಸಿ, "ಊಟದ ಹೊತ್ತಾಯ್ತು ಅಂತ ನಿಮ್ಗೆ ಹೇಗೆ ಗೊತ್ತಾಗತ್ತೆ?" ಎಂದು ನಿಜವಾದ ಕುತೂಹಲದಿಂದ ಕೇಳುತ್ತಿದ್ದರು. "ಹಸಿವಾಗತ್ತೆ ಮಾವ" ಎಂದರೆ ಅದನ್ನೊಂದು ಉತ್ತರವೆಂದು ಅವರು ಒಪ್ಪುತ್ತಿರಲಿಲ್ಲ.

ಬಸ್ಸಿನಲ್ಲಿ ಅವರ ಜೊತೆ ಹೋಗುವುದೇ ಒಂದು ಪಾಠ. ಮಾಚೇನಹಳ್ಳಿ ದಾಟುತ್ತಿದ್ದಂತೆ ಕಿಟಕಿಯ ಗಾಜು ಸರಿಸಿ ಎದೆ ತುಂಬ ಉಸಿರೆಳೆದುಕೊಳ್ಳುವರು.

"ನೋಡಿದ್ಯಾ? ಗಾಳಿ ಬದ್ಲಾಯ್ತು!"

"ಹೌದು ಮಾವ, ಹೊಗೆ ವಾಸನೆ ಬರ್ತಿದೆ."

"ಹೊಗೆ ಅನ್ಬೇಡ. ಅದು ಅನ್ನದ ವಾಸನೆ."

ನಾನು ನಗುತ್ತಿದ್ದೆ. ಆಗ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು.

ಅವರ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು, ಕೊನೆಯಲ್ಲಿ ಮಲಯಾಳ. ಬೀದಿ ನಲ್ಲಿಯ ಹತ್ತಿರ ಜಗಳವಾದರೆ ಎಲ್ಲವೂ ಒಟ್ಟಿಗೆ ಕೇಳುತ್ತಿದ್ದವು. "ನಮ್ಮ ಬೀದೀಲಿ ಐದು ಭಾಷೇಲಿ ಬೈತೀವಿ, ಐದು ಥರ ಸಾರು ಉಣ್ತೀವಿ. ನಿಮ್ಮ ಶಿವಮೊಗ್ಗದಲ್ಲಿ ಇದೆಯಾ ಇದು?" ಎಂದು ಮಾವ ಸವಾಲು ಹಾಕುವರು. ನಮ್ಮ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲೂ ಅವರು ಬಿಟ್ಟವರಲ್ಲ. ಅಂಗಡಿಯವರು ಪಾಪ, ಮಾತಿಗೆ "ಊರು ಬಾಳ ಬೆಳೀತು ಸಾರ್" ಅಂದದ್ದಷ್ಟೇ. "ಯಾಕೆ ಬೆಳೀತು? ನಮ್ಮೋರು ಸಂಬಳದ ದಿನ ಬಸ್ ಹತ್ತಿ ಇಲ್ಲಿಗೆ ಬಂದಿದ್ದಕ್ಕೆ ಬೆಳೀತು! ಕಬ್ಬಿಣ ಕಾಯಿಸಿ ಬೆವರು ಸುರ್ಸೋರು ಅಲ್ಲಿ, ಗಲ್ಲಾಪೆಟ್ಟಿಗೆ ಮುಂದೆ ಕೂತು ದಪ್ಪ ಆಗೋರು ಇಲ್ಲಿ!" ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಅವತ್ತು ಸೀರೆ ಬರಲಿಲ್ಲ.

ನದಿಗಳನ್ನಾದರೂ ಬಿಟ್ಟರೇ? 'ಗಂಗಾ ಸ್ನಾನ, ತುಂಗಾ ಪಾನ' ಎನ್ನುವ ಗಾದೆ ಕೇಳಿದರೆ ಮಾವನಿಗೆ ಮೈ ಉರಿಯುತ್ತಿತ್ತು. "ಭದ್ರೆ ಏನ್ ಪಾಪ ಮಾಡಿದ್ಲು?" ಒಮ್ಮೆ ಎಲ್ಲರೂ ಕೂಡಲಿಗೆ ಹೋಗಿದ್ದೆವು. ಎರಡು ನದಿ ಸೇರುವ ಜಾಗದಲ್ಲಿ ಮುಳುಗಿದರೆ ಪುಣ್ಯ ಎಂದು ಊರವರೆಲ್ಲ ಅಲ್ಲಿ ಮುಳುಗುತ್ತಿದ್ದರೆ, ನಮ್ಮ ಮಾವ ಪಂಚೆ ಎತ್ತಿ ಕಟ್ಟಿ, ಕಲ್ಲುಮುಳ್ಳು ತುಳಿದು, ಭದ್ರೆಯ ಕಡೆ ಮೇಲಕ್ಕೆ ಅಷ್ಟು ದೂರ ನಡೆದುಹೋಗಿ, ತುಂಗೆಯ ಒಂದು ಹನಿಯೂ ಸೇರದ ನೀರಿನಲ್ಲಿ ಮುಳುಗಿ ಬಂದರು. "ಹೆಸ್ರಲ್ಲಿ ತುಂಗೆ ಮುಂದಿದಾಳಲ್ಲ ಮಾವ, ತುಂಗಭದ್ರಾ ಅಂತ?" ಎಂದು ಕೆಣಕಿದೆ. ತಲೆ ಒರೆಸಿಕೊಳ್ಳುತ್ತಾ, "ಮೆರವಣಿಗೇಲಿ ಮುಂದೆ ಹೋಗೋರು ಬೇರೆ, ಹೊರೆ ಹೊರೋರು ಬೇರೆ" ಎಂದುಬಿಟ್ಟರು.

ಇಂಥ ಮಾವನಿಗೆ ನಿವೃತ್ತಿ ಬಂತು. ಎರಡು ಸಾವಿರದ ಆಚೀಚೆಯ ಮಾತು. ಕ್ವಾರ್ಟರ್ಸ್ ಬಿಡಬೇಕು. ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಅಪರೂಪವಾಗಿತ್ತು, ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮನೆಗೆ ಬೀಗ ಬಿದ್ದಿತ್ತು. ಮಾವನ ಜೊತೆಯವರೆಲ್ಲ ಬುದ್ಧಿವಂತರು, ಯಾವತ್ತೋ ಶಿವಮೊಗ್ಗದಲ್ಲಿ ಸೈಟು ಮಾಡಿಕೊಂಡಿದ್ದರು. ಮಾವ ಮಾತ್ರ ಎಲ್ಲೂ ಒಂದಡಿ ನೆಲ ಕೊಂಡಿರಲಿಲ್ಲ. ಇಡೀ ಭದ್ರಾವತಿಯೇ ತನ್ನದು ಎಂದುಕೊಂಡವರು ಅದರಲ್ಲಿ ಒಂದು ತುಂಡು ಯಾಕೆ ಕೊಳ್ಳುತ್ತಾರೆ ಹೇಳಿ!

ಆಗ ಅತ್ತೆ ಮೆಲ್ಲಗೆ ಬಾಯಿ ಬಿಟ್ಟರು.

"ಒಂದು ಸೈಟ್ ಇದೆ."

"ಯಾರ್ದು?"

"ನಮ್ದೇ. ಚೀಟಿ ಹಾಕಿ ತಗೊಂಡಿದ್ದೆ."

"ಎಲ್ಲೇ?"

"ಗೋಪಾಳದಲ್ಲಿ."

ಗೋಪಾಳ ಎಂದರೆ ಶಿವಮೊಗ್ಗದ ಹೊಸ ಬಡಾವಣೆ. ಮಾವನ ಕುಂಬಳಬಳ್ಳಿಯ ಹೊಚ್ಚಹೊಸ ಕುಡಿ! ಆ ಸೈಟು ನೋಡಲು ಅತ್ತೆಯ ಜೊತೆ ಗುಟ್ಟಾಗಿ ಹೋಗಿದ್ದವಳು ನಾನೇ. ಮಾವ ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಬೈಯಲಿಲ್ಲ. ಒಂದು ಸೈರನ್ನಿನಿಂದ ಮುಂದಿನ ಸೈರನ್ನಿನ ತನಕ ಜಗಲಿಯಲ್ಲಿ ಕೂತಿದ್ದರು.

ಮರುದಿನ ಮಾವ ಎದ್ದವರೇ ಒಂದು ಉಂಡೆ ಸಣಬಿನ ದಾರ ತಂದರು. ಕ್ವಾರ್ಟರ್ಸಿನ ಗೋಡೆಗೋಡೆಗೂ ಅದನ್ನು ಹಿಡಿದು, ಮೂಲೆ ಬಂದಲ್ಲಿ, ಬಾಗಿಲು ಬಂದಲ್ಲಿ ಗಂಟು ಹಾಕುತ್ತಾ ಹೋದರು. "ಶಿವಮೊಗ್ಗದಲ್ಲಿ ಇರ್ಬೇಕು ಅಂದ್ರೆ ಇರ್ತೀನಿ. ಆದ್ರೆ ಮನೆ ಮಾತ್ರ ಇದೇ ಆಗ್ಬೇಕು. ಇಷ್ಟೇ ಅಳ್ತೆ, ಇಷ್ಟೇ ಕಿಟಕಿ." ಎರಡು ದಿನ ಅಳೆದರು. ಟೇಪು ಕೊಡುತ್ತೇನೆಂದರೆ ಬೇಡವಂತೆ, ಟೇಪು ಎಲ್ಲಾ ಊರಿನದ್ದೂ ಅಳೆಯುತ್ತದಂತೆ!

ಗೋಪಾಳದಲ್ಲಿ ಮೇಸ್ತ್ರಿ ತಲೆ ಚಚ್ಚಿಕೊಂಡ. "ಈಗಿನ ಕಾಲದಾಗೆ ಯಾರ್ ಸಾರ್ ಇಂಥ ಮನೆ ಕಟ್ತಾರೆ? ಜನ ನಂಗೆ ಬೈತಾರೆ." ಮಾವ ಜಗ್ಗಲಿಲ್ಲ. ಆದರೆ ಅಡುಗೆಮನೆಯ ಗೋಡೆ ಎದ್ದ ದಿನ ಒಳಗೆ ನಿಂತು ಸುತ್ತ ನೋಡಿ ಹುಬ್ಬು ಗಂಟಿಕ್ಕಿದರು. "ಇದೇನೋ ಅಗಲ ಆದ ಹಾಗಿದೆಯಲ್ಲೇ?" ದಾರ ತಂದು ಹಿಡಿದರು. ಗಂಟಿಗೆ ಗಂಟು ಸರಿಯಾಗಿತ್ತು. ಅತ್ತೆ ಗಂಭೀರವಾಗಿ, "ಹೊಸ ಮನೆ ಅಲ್ವಾ, ಹಾಗೇ ಕಾಣತ್ತೆ" ಎಂದರು. ಮಾವ ಆಚೆ ಹೋದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಮೂವತ್ತು ವರ್ಷ ಬೆನ್ನು ಗೋಡೆಗೆ ಒರೆಸ್ಕೊಂಡು ಬೇಯ್ಸಿದೀನಿ ಮಾರಾಯ್ತಿ. ಆ ಒಂದು ಗಂಟು ಬಿಚ್ಚಿ ಮೂರಡಿ ಆಚೆ ಹಾಕ್ದೆ!"

ಮನೆ ಮುಗಿಯಿತು. ಒಳಗೆ ನಿಂತರೆ ಥೇಟ್ ಭದ್ರಾವತಿ. ಆದರೆ ಬಾಗಿಲು ತೆಗೆದರೆ? ಎದುರಿಗೆ ಕಬ್ಬಿಣದ ಸರಳು ಚಾಚಿದ ಅರೆಬರೆ ಕಟ್ಟಡಗಳು, ಜಲ್ಲಿ ರಾಶಿ, ಹೆಸರು ಗೊತ್ತಿಲ್ಲದ ಜನ. ನಲ್ಲಿ ಮನೆಯೊಳಗೇ ಬಂದಿತ್ತು, ಜಗಳವಾಡಲೂ ಯಾರೂ ಸಿಗುತ್ತಿರಲಿಲ್ಲ. ಮಾವ ಗೇಟಿನ ಹತ್ತಿರ ನಿಂತು ಬಂದವರನ್ನೆಲ್ಲ "ನೀವು ಯಾವ ಶಿಫ್ಟು?" ಎಂದು ಕೇಳುವರು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ನನ್ನ ಜೊತೆ ವಾದ ಮಾಡುವುದನ್ನೂ ನಿಲ್ಲಿಸಿದರು. ನಾನು ಬೇಕೆಂದೇ ಹೋಗಿ "ನಿಮ್ಮ ಭದ್ರಾವತೀಲಿ ಏನಿದೆ ಮಾವ?" ಎಂದು ಕೆಣಕಿದರೂ "ಹ್ಞೂ, ಹೌದು ಬಿಡು" ಎನ್ನುವರು. ನನಗೆ ಆ ಹಳೆಯ ಜಗಳಗಂಟ ಮಾವ ಬೇಕಾಗಿದ್ದರು. ಅವರನ್ನು ಆ ಊರಿನಿಂದ ಕಿತ್ತು ತಂದದ್ದರಲ್ಲಿ ನನ್ನ ಕೈಯೂ ಇತ್ತಲ್ಲ ಎಂದು ಎಷ್ಟೋ ದಿನ ಕೊರಗಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಕೈಚೀಲ ಹಿಡಿದು ತರಕಾರಿಗೆಂದು ಹೋದ ಮಾವ ಮಧ್ಯಾಹ್ನವಾದರೂ ಬರಲಿಲ್ಲ. ಅತ್ತೆ ಫೋನ್ ಮಾಡಿದರು. ಇನ್ನೆಲ್ಲಿಗೆ ಹೋಗುತ್ತಾರೆ? ನಾನು ಭದ್ರಾವತಿಯ ಬಸ್ಸು ಹತ್ತಿದೆ.

ನನ್ನ ಊಹೆ ಸರಿಯಾಗಿತ್ತು. ಮಾವ ಅವರ ಹಳೆಯ ಕ್ವಾರ್ಟರ್ಸಿನ ಜಗಲಿಯಲ್ಲಿ ಚೀಲ ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಿದ್ದರು. ಈಗ ಅಲ್ಲಿ ಅವರದೇ ಕಾರ್ಖಾನೆಯ ಒಬ್ಬರ ಸಂಸಾರವಿತ್ತು. ಗೇಟಿನ ಹತ್ತಿರ ಸಿಕ್ಕ ಆ ಮನೆಯಾಕೆ ನನ್ನನ್ನು ಕಂಡು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ಬಾಮ್ಮಾ. ಅಣ್ಣ ಫಸ್ಟ್ ಟೈಮ್ ಮರ್ತು ಬಂದ್ಬಿಟ್ರು, ಸೀದಾ ಒಳಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕ್ಬಿಟ್ರು! ಆಮೇಲೆ ಅವ್ರಿಗೆ ನಾಚಿಕೆ ಆಗೋಯ್ತು. ಈಗ ನಾವೇ ಬನ್ನಿ ಅಂತೀವಿ. ನಮ್ ಯಜಮಾನ್ರೂ ಮಾರ್ಚ್‌ಗೆ ವೀಆರೆಸ್ ತಗೊಂಡು ಕೆಲ್ಸ ಬಿಡ್ತಿದಾರೆ. ಅಣ್ಣ ಬಂದ್ರೆ ಅವ್ರಿಗೆ ಒಂದು ಧೈರ್ಯ."

ಜಗಲಿಯಿಂದ ಮಾವನ ದನಿ ಕೇಳಿಸಿತು. ಎಷ್ಟೋ ತಿಂಗಳಿಂದ ನಾನು ಕೇಳದಿದ್ದ ಅದೇ ಹಳೆಯ ಏರುದನಿ.

"ಶಿವಮೊಗ್ಗ ಅಂದ್ರೆ ಏನ್ ತಿಳ್ಕೊಂಡಿದೀಯಾ ಮಾರಾಯ? ತುಂಗೆ ನೀರು, ಆಹಾ, ಬೆಲ್ಲ! ಬೇಳೆ ಕಣ್ಮುಚ್ಚಿ ಬಿಡೋದ್ರೊಳಗೆ ಬೇಯತ್ತೆ. ನೆರೆಹೊರೆ ಅಂತೂ ಕೇಳ್ಲೇಬೇಡ. ಬೆಳಿಗ್ಗೆ ಎದ್ರೆ 'ಸಾರ್, ಕಾಫಿ ಆಯ್ತಾ' ಅಂತ ನಾಲ್ಕು ಜನ ಗೇಟಿಗೆ ಬರ್ತಾರೆ. ಊರು ಹೇಗೆ ಬೆಳೀತಿದೆ ಅಂತೀಯಾ! ಇಲ್ಲೇನಿದೆ, ಬರೀ ಹೊಗೆ!"

ಆ ಮನೆಯ ಯಜಮಾನರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ನಾನು ಗೇಟಿನಲ್ಲೇ ನಿಂತುಬಿಟ್ಟೆ. ಮಾವ ನನ್ನನ್ನು ಕಂಡು ಮಾತು ನಿಲ್ಲಿಸಿ, ಚೀಲ ತೆಗೆದುಕೊಂಡು ಎದ್ದರು.

ಬಸ್ಸಿನಲ್ಲಿ ಪಕ್ಕ ಕೂತು ಕೆಣಕಿದೆ: "ನಮ್ಮೂರು ಅಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಮಾವ!"

ಮಾವ ನಗಲಿಲ್ಲ. "ಅವ್ರಪ್ಪನ ಕಾಲದಲ್ಲೇ ಬಂದೋರು ಕಣೇ. ಹಿಂದಕ್ಕೆ ಹೋಗೋಕೆ ಅವ್ರಿಗೆ ಊರಿಲ್ಲ. ಗಂಡ ಹೆಂಡ್ತಿ ಹೆದ್ರಿಕೊಂಡು ಕೂತಿದಾರೆ. ಈ ಊರು ಬಿಟ್ಮೇಲೆ ಬದುಕೋದು ಕಷ್ಟ ಅಂತ ನಾನೇ ಹೋಗಿ ಹೇಳ್ಲಾ?"

ಹದಿನೈದು ವರ್ಷ ಅವರ ಜೊತೆ ವಾದಿಸಿ ಒಂದು ದಿನವೂ ಸೋಲದ ನನಗೆ ಅವತ್ತು ಸೋಲಬೇಕು ಅನ್ನಿಸಿತು.

"ಮಾವ, ಭದ್ರಾವತಿನೇ ಚೆಂದ" ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಾಚೇನಹಳ್ಳಿ ಬರುತ್ತಿದ್ದಂತೆ ಗಾಜು ಮುಚ್ಚಿ, "ಗೊತ್ತು ಮಾರಾಯ್ತಿ" ಎಂದರು.