ಮೀನ್ ಮೇಡಂ ಮತ್ತು ನೀರಿಲ್ಲದ ಸಮುದ್ರ

ಸಮುದ್ರ ನೋಡಬೇಕೆಂದರೆ ನಮ್ಮ ಮಧುಗಿರಿಯಿಂದ ಬೆಳಗಿಂದ ಸಂಜೆಯವರೆಗೆ ಬಸ್ಸಿನಲ್ಲಿ ಕೂರಬೇಕು. ಸಮುದ್ರದಿಂದ ಆಗುವ ಫಜೀತಿಗೆ ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ಅದು ನನ್ನ ಸ್ಕೂಟರಿನ ಹಿಂದೆಯೇ ಬರುತ್ತದೆ. ವಾರದಲ್ಲಿ ಒಂದಾದರೂ ಆಗದೇ ಹೋದರೆ ನನಗೇ ಊಟ ಸೇರುವುದಿಲ್ಲ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯ ಒಂದು ಬಂದರು ನಗರದಲ್ಲಿ ಮೀನು ಕತ್ತರಿಸುವ ಹೆಂಗಸರ ಸಂಘವೊಂದಿದೆ. ಮೊದಲೆಲ್ಲ ಅಲ್ಲಿ ಮೀನಿನ ತಲೆ, ಬಾಲ, ಕರುಳನ್ನು ವಾಪಸು ನೀರಿಗೇ ತಳ್ಳುತ್ತಿದ್ದರಂತೆ. ನೀರು ಕೊಳೆತು ನಾರಿ, ದಡದ ಹತ್ತಿರ ಮೀನೇ ಸುಳಿಯದಂತಾದಾಗ ಈ ಹೆಂಗಸರೇ ಸೆರಗು ಕಟ್ಟಿ ನಿಂತರು. ಆ ಕಸವನ್ನೆಲ್ಲ ಡ್ರಮ್ಮಿಗೆ ತುಂಬಿ, ಬೆಲ್ಲ ಹಾಕಿ ಕೊಳೆಸಿ, ಬೆಳೆಗೆ ಸಿಂಪಡಿಸುವ ದ್ರವಗೊಬ್ಬರ ಮಾಡಿದರು. ಬಂದರಿನ ನೀರು ತಿಳಿಯಾಯಿತು, ಡ್ರಮ್ಮುಗಳು ತುಂಬಿಕೊಂಡವು. ತುಂಬಿದ್ದನ್ನು ಕ್ಯಾನಿಗೆ ಸುರಿದು ಮಾರಿ ಖಾಲಿ ಮಾಡುವವರು ಬೇಕಲ್ಲ? ಅದಕ್ಕೆ ನಾನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿಗೆ ನಾನೇ ಮಾರಾಟಗಾರ್ತಿ, ನಾನೇ ಡಿಪೋ ಮ್ಯಾನೇಜರ್, ನಾನೇ ಹಮಾಲಿ.

ಸಂಘದ ಅಧ್ಯಕ್ಷೆಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಕೆಲಸ ಕೊಡುವಾಗಲೇ ಅವರು ಹೇಳಿದ್ದರು: "ಒಂದು ಬೆಳೆಯ ಕಾಲ ನೋಡುವ, ಮಾರಾಯ್ತಿ. ನಿಮ್ಮ ಕಡೆ ಇದು ಹೋಗದಿದ್ದರೆ ಡಿಪೋ ಮುಚ್ಚುವುದೇ. ಮತ್ತೆ ಆ ಕಸ ಎಲ್ಲಿಗೆ ಹೋಗ್ತದೆ ಅಂತ ನಿಮಗೂ ಗೊತ್ತುಂಟಲ್ಲ." ಗೊತ್ತಿತ್ತು. ನನ್ನ ಕೆಲಸ, ಅವರ ಸಮುದ್ರ ಎರಡೂ ಒಂದೇ ಕ್ಯಾನಿನಲ್ಲಿದ್ದವು.

ಬೆಕ್ಕಿನ ಸರ್ಟಿಫಿಕೇಟು

ಮೊದಲ ದಿನ ಹೋಗಿದ್ದು ಬಡವನಹಳ್ಳಿ ಸಂತೆಗೆ. ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿ, ಮನೆಯಲ್ಲಿ ಕನ್ನಡಿ ಮುಂದೆ ಕಲಿತಿದ್ದ ಭಾಷಣವನ್ನೆಲ್ಲ ಒಪ್ಪಿಸಿದೆ. ಒಬ್ಬ ರೈತನೂ ತಿರುಗಿ ನೋಡಲಿಲ್ಲ. ವಾಸನೆಯನ್ನಾದರೂ ನೋಡಲಿ ಅಂತ ಕ್ಯಾನಿನ ಮುಚ್ಚಳ ತೆಗೆದೆ. ಆಗ ಬಂದರು ಗಿರಾಕಿಗಳು. ಎಲ್ಲರಿಗೂ ಬಾಲವಿತ್ತು.

ಮೊದಲು ಒಂದು ಕರಿ ಬೆಕ್ಕು ಬಂತು. ಆಮೇಲೆ ಹೋಟೆಲಿನ ಹಿಂದಿನಿಂದ, ಮೆಣಸಿನಕಾಯಿ ಮೂಟೆಗಳ ಸಂದಿಯಿಂದ, ಮಾಡಿನ ಮೇಲಿಂದ ಒಂದೊಂದಾಗಿ ಇಳಿದುಬಂದು ನನ್ನ ಸುತ್ತ ಶಿಸ್ತಾಗಿ ಕುಳಿತವು. ಗ್ರಾಮಸಭೆಗೂ ಅಷ್ಟು ಜನ ಬರುವುದಿಲ್ಲ. ಅಟ್ಟಿದೆ, ಹೋಗಲಿಲ್ಲ. ಅಳುವುದೊಂದು ಬಾಕಿ ಇತ್ತು.

ಬೆಕ್ಕು ನೋಡಲು ಮನುಷ್ಯರು ಸೇರಿದರು. ಅವರ ನಡುವಿಂದ ಕಡಲೆಕಾಯಿ ಬೆಳೆಯುವ ಯಜಮಾನರೊಬ್ಬರು ಮುಂದೆ ಬಂದು, ಕ್ಯಾನು ಮೂಸಿ, ಬೆಕ್ಕುಗಳನ್ನು ನೋಡಿ ತೀರ್ಪು ಕೊಟ್ಟರು.

"ಲೇ, ಮನ್ಸ ಸುಳ್ ಏಳ್ತಾನೆ, ಬೆಕ್ಕು ಏಳಲ್ಲ ಕಣ್ಲಾ. ಕಲಬೆರಕೆ ಇದ್ದಿದ್ರೆ ಒಂದಾದ್ರೂ ಎದ್ದೋಗ್ತಿತ್ತು. ಕೊಡಮ್ಮ ಇತ್ಲಾಗೆ ಒಂದು!"

ಅವರು ತಗೊಂಡರು, ಅವರನ್ನು ನೋಡಿ ಉಳಿದವರು ತಗೊಂಡರು. ಸ್ಕೂಟರ್ ಖಾಲಿ ಮಾಡಿಕೊಂಡು ಹಾಡು ಗುನುಗುತ್ತಾ ಮನೆಗೆ ಬಂದೆ. ಕೆಲವು ವಾರ ಬಿಟ್ಟು ಅದೇ ಯಜಮಾನರು ಸಿಕ್ಕರು. ಮುಖ ಅರಳಿತ್ತು.

"ಗಿಡ ಹೆಂಗವೆ ಯಜಮಾನ್ರೇ?"

"ಗಿಡ ಇರ್ಲಿ ಕಣಮ್ಮ. ನೀನು ಕೊಟ್ಟಿದ್ನ ಒಡೆದಾಗಿಂದ ಊರಿನ್ ಬೆಕ್ಕೆಲ್ಲ ನಮ್ಮ ಒಲದಾಗೇ ಕಾವ್ಲು ಕುಂತವೆ. ಒಂದ್ ಇಲಿ ಇಲ್ಲ. ಇನ್ನೊಂದ್ ಎರಡು ಕ್ಯಾನ್ ಕೊಡು, ನಾಯಿ ಬರೋ ಅಂತದ್ದೇನಾರ ಇದ್ರೆ ಅದ್ನೂ ಕೊಡು. ಹಂದಿ ಕಾಟ ಐತೆ."

ಎರಡು ಅವತಾರ ಕಳಿಸಿ

ಕೊರಟಗೆರೆ ಕಡೆ, ಸಿದ್ದರಬೆಟ್ಟದ ತಪ್ಪಲಿನಲ್ಲಿ ಒಬ್ಬರು ಸೇವಂತಿಗೆ ಬೆಳೆಯುತ್ತಾರೆ. ಹೂವೆಲ್ಲ ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಹೋಗುತ್ತದೆ. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಗೊಬ್ಬರ ಯಾವುದರದ್ದು ಅಂತ ಕೇಳುತ್ತಲೇ ಆತ ಎರಡು ಹೆಜ್ಜೆ ಹಿಂದೆ ಸರಿದರು.

"ಮೀನಾ! ಮೇಡಂ, ಈ ಹೂವು ಸ್ವಾಮಿ ತಲೆ ಮೇಲೆ ಹೋಗೋದು. ಗಿಡ ಮಾಂಸ ತಿಂದ್ರೆ ಹೂವು ಮೈಲಿಗೆ ಆಗಲ್ವಾ?"

ನಾನು ಬಾಯಿ ತೆರೆಯುವ ಮೊದಲೇ, ಜಗಲಿಯ ಮೇಲೆ ಹೂವು ಬಿಡಿಸುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಕೇಳಿದರು: "ಇಷ್ಟು ವರ್ಷ ತಿಪ್ಪೇಲಿಂದ ಮಂಕರಿಗಟ್ಲೆ ಹೊತ್ತು ಹಾಕಿದ್ರಲ್ಲ, ಅದೇನು ಪಂಚಾಮೃತನಾ?"

ಯಜಮಾನರು ಸೋತೆ ಅಂತ ಹೆಂಡತಿಯ ಮುಂದೆ ಹೇಳುವುದಾದರೂ ಹೇಗೆ? ಗಡ್ಡ ಕೆರೆದುಕೊಂಡು, ಬೆಟ್ಟ ನೋಡಿ, ಆಕಾಶ ನೋಡಿ, ಕೊನೆಗೆ ದಾರಿ ಕಂಡುಕೊಂಡರು.

"ಅಲ್ಲಾ, ಮೀನು ಅಂದ್ರೆ ಯಾರು? ವಿಷ್ಣುವಿನ ಮೊದಲನೇ ಅವತಾರ. ವೇದಾನೇ ಕಾಪಾಡ್ದೋನು ನನ್ನ ಸೇವಂತಿಗೆ ಕಾಪಾಡಲ್ವಾ? ತನ್ನಿ ಮೇಡಂ."

ಹೂವು ಹೇಗೆ ಬಂತು ಅಂತೀರಿ! ಒಂದೊಂದೂ ಅಂಗೈ ಅಗಲ. ಸುತ್ತಲಿನ ತೋಟದವರೆಲ್ಲ ಏನು ಹಾಕಿದೆ ಅಂತ ಕೇಳಿದರೆ ಆತ ಮೀನು ಅನ್ನುತ್ತಿರಲಿಲ್ಲ, "ಅವತಾರ ಹಾಕಿದೀನಿ" ಅನ್ನುತ್ತಿದ್ದರು. ಆ ಹೆಸರೇ ನಿಂತುಬಿಟ್ಟಿತು. ಈಗ ಆ ಕಡೆಯಿಂದ ಫೋನು ಬರುವುದೇ ಹೀಗೆ: "ಮೇಡಂ, ಎರಡು ಅವತಾರ ಕಳ್ಸಿ." ಮೊನ್ನೆ ಒಬ್ಬ ರೈತ ಎಂಟು ತಗೊಂಡ. ಇನ್ನೆರಡು ತಗೊಳ್ಳಿ, ಹತ್ತು ಪೂರ್ತಿಯಾಗಲಿ ಅಂದೆ.

"ಬ್ಯಾಡ ಮೇಡಂ," ಅಂದ. "ಕಲ್ಕಿ ಬಂದ್ಬುಟ್ರೆ ಲೋಕ ಮುಳುಗೋಯ್ತದೆ."

ಬಾಣಂತಿ ಮೀನು

ಗೊಬ್ಬರದ ಗಾಡಿಯಲ್ಲಿ ಸಂಘದವರು ಐಸಿನ ಪೆಟ್ಟಿಗೆಯಲ್ಲಿಟ್ಟು ಒಂದಿಷ್ಟು ತಾಜಾ ಮೀನನ್ನೂ ಕಳಿಸುತ್ತಾರೆ. ಅದು ಶಿರಾದ ಒಂದು ಹೋಟೆಲಿಗೆ. ಮಾಲೀಕರನ್ನು ಊರೆಲ್ಲ ಭಾಯ್ ಅನ್ನುತ್ತದೆ. ಅವರ ಬಂಗುಡೆ ಫ್ರೈಗೆ ಹೈವೇ ಲಾರಿಯವರೂ ದಾರಿ ಬಿಟ್ಟು ಒಳಗೆ ಬರುತ್ತಾರೆ.

ಮಳೆಗಾಲ ಶುರುವಾಯಿತು, ಮೀನು ನಿಂತಿತು. ಭಾಯ್ ಫೋನಿನಲ್ಲೇ ಹಾರಾಡಿದರು. "ಅರೇ ಕ್ಯಾ ಮೇಡಂ! ಮಚ್ಲಿ ಎಲ್ಲಿ? ಗಿರಾಕಿ ನನ್ನನ್ನೇ ಹುರ್ಕೊಂಡು ತಿಂತಾರೆ!"

"ಭಾಯ್, ಇದು ಮೀನು ಮೊಟ್ಟೆ ಇಡೋ ಕಾಲ. ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಈಗ ಹಿಡಿದ್ರೆ ಮುಂದಿನ ವರ್ಷ ಹಿಡಿಯೋಕೆ ಮೀನೇ ಇರಲ್ಲ."

ಭಾಯ್ ಮೆತ್ತಗಿನ ದನಿಯಲ್ಲಿ ಕೇಳಿದರು: "ಅಂದ್ರೆ... ಬಾಣಂತನ?"

"ಹಾಗೇ ಅಂದ್ಕೊಳ್ಳಿ."

"ತೋ ಪೆಹಲೇ ಹೇಳ್ಬೇಕಲ್ಲ ಮೇಡಂ! ಅದಕ್ಕೆಲ್ಲ ಯಾರು ಬೇಡ ಅಂತಾರೆ?"

ಮಾರನೇ ದಿನ ಹೋಟೆಲಿನ ಮುಂದೆ ಸೀಮೆಸುಣ್ಣದಲ್ಲಿ ಬರೆದ ಬೋರ್ಡು: 'ಮೀನು ಹೆರಿಗೆಗೆ ತವರಿಗೆ ಹೋಗಿದೆ. ಮಳೆ ಕಳೆದ ಮೇಲೆ ಬರುತ್ತದೆ. ಅಲ್ಲಿವರೆಗೆ ಕೋಳಿ.'

ಜನ ನಕ್ಕರು, ಫೋಟೋ ಹೊಡೆದುಕೊಂಡರು, ಕೋಳಿ ತಿಂದು ಹೋದರು. ರಸ್ತೆಯಾಚೆಯ ಹೋಟೆಲಿನವನು ಇದೇ ಸಮಯ ಅಂತ ಎಲ್ಲಿಂದಲೋ ಬೆರಳುದ್ದದ ಮರಿ ಮೀನು ತರಿಸಿ ಕಾದ ಕಲ್ಲಿನ ಮೇಲೆ ಹಾಕಿದ. ನಾನು ಭಾಯ್ ಮುಖ ನೋಡಿದೆ, ಪಾಪ, ಬಾಡಿತ್ತು. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಆ ಕಲ್ಲಿನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟರು.

"ಅಲ್ಲ ಕಣ್ಲಾ, ತಾಯಿ ಬಾಣಂತನಕ್ಕೋಗವ್ಳೆ ಅಂತ ಆ ಸಾಬ್ರು ಬೋರ್ಡ್ ಆಕವ್ರೆ, ನೀನು ಕೂಸ್ನೇ ತಂದು ಉರೀತಿದ್ದೀಯಲ್ಲೋ!"

ಅಷ್ಟೇ. ತಟ್ಟೆ ಹಿಡಿದಿದ್ದವರೂ ತಟ್ಟೆ ಇಟ್ಟರು. ಆತ ಮರುದಿನವೇ ಇಡ್ಲಿಗೆ ತಿರುಗಿದ.

ಮಳೆ ಕಳೆಯಿತು, ದೋಣಿ ಇಳಿದವು, ಮೊದಲ ಪೆಟ್ಟಿಗೆ ಬಂತು. ಭಾಯ್ ಹೋಟೆಲಿಗೆ ಮಾವಿನ ತೋರಣ ಕಟ್ಟಿದ್ದರು. ಹೊರಗೆ ರಸ್ತೆಯವರೆಗೆ ಜನ. ಮೊದಲ ಬಂಗುಡೆ ಕಲ್ಲಿನ ಮೇಲೆ ಚುರ್ ಅಂದಾಗ ಸಾಲಿನ ಮುಂದಿದ್ದ ಲಾರಿ ಡ್ರೈವರು ಬಹಳ ಕಾಳಜಿಯಿಂದ ಬಗ್ಗಿ ಕೇಳಿದ:

"ಭಾಯ್, ಎಲ್ಲಾ ಸುಸೂತ್ರನಾ? ಗಂಡೋ, ಹೆಣ್ಣೋ?"

ಬಂಡೆ ಮತ್ತು ಕಡಲು

ಡಿಪೋ ಇಟ್ಟುಕೊಳ್ಳುವುದೋ ಮುಚ್ಚುವುದೋ ಕಣ್ಣಾರೆ ನೋಡಲು ಅಕ್ಕ ಮಧುಗಿರಿಗೇ ಬಂದರು. ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಬರುವಾಗ ನಮ್ಮ ಏಕಶಿಲಾ ಬೆಟ್ಟ ಕಂಡಿತು. ಹುಟ್ಟಿದಾಗಿಂದ ನೋಡಿದ ನಮಗೆ ಅದು ಬರೀ ಬೆಟ್ಟ. ಅಕ್ಕ ಮಾತ್ರ ತೆರೆದ ಬಾಯಿ ಮುಚ್ಚಲೇ ಇಲ್ಲ.

"ಎಂತ ಬಂಡೆ ಮಾರಾಯ್ತಿ! ನಮ್ಮಲ್ಲಿ ಕಡಲು ದಡ ತಿನ್ನಬಾರದು ಅಂತ ಲಾರಿಗಟ್ಟಲೆ ಕಲ್ಲು ತಂದು ಸುರೀತಾರೆ. ಇದೊಂದನ್ನು ಅಲ್ಲಿ ಕೂರಿಸಿದ್ರೆ ಸಾಕಿತ್ತು!"

ಆಟೋ ಡ್ರೈವರು ಬ್ರೇಕ್ ಹಾಕಿ, ಪೂರ್ತಿ ಹಿಂದೆ ತಿರುಗಿ, ವ್ಯಾಪಾರದ ಮುಖ ಮಾಡಿ ಹೇಳಿದ: "ತಗೊಂಡೋಗಿ ಮೇಡಂ, ನಂದೇನೂ ಅಭ್ಯಂತರ ಇಲ್ಲ. ಬದ್ಲಿಗೆ ಆ ಸಮುದ್ರ ಇತ್ಲಾಗೆ ಕಳ್ಸಿಬುಡಿ."

ಬಲಸಮುದ್ರದ ಕಡಲ್ಕೊರೆತ

ಅಕ್ಕ ಡಿಪೋದ ಬಗ್ಗೆ ಏನೂ ಹೇಳದೆ ವಾಪಸು ಹೋದರು. ಹೋಗುವಾಗ ಇಷ್ಟು ಹೇಳಿದರು: ಅವರ ನಗರದಲ್ಲಿ ಕಡಲು ಕೆಡದಂತೆ ಬದುಕುವುದು ಹೇಗೆ ಅಂತ ದೊಡ್ಡ ಸಭೆ ನಡೆಯುತ್ತದೆ, ನಗರದ ಹಿರಿಯರೆಲ್ಲ ಇರುತ್ತಾರೆ, ಗೊಬ್ಬರ ಬಳಸಿದ ರೈತರೊಬ್ಬರನ್ನು ಕರೆದುಕೊಂಡು ಬನ್ನಿ, ತೀರ್ಮಾನ ಅಲ್ಲೇ ಆಗುತ್ತದೆ.

ನಾನು ಕರೆದುಕೊಂಡು ಹೋದದ್ದು ಪಾವಗಡ ತಾಲ್ಲೂಕಿನ ಬಲಸಮುದ್ರದಿಂದ, ಕಡಲೆಕಾಯಿ ಬೆಳೆಯುವ ಒಬ್ಬ ಹೆಂಗಸನ್ನು. ಊರಿನ ಮಹಿಳಾ ಸಂಘಕ್ಕೆ ಆಕೆಯೇ ಮುಂದಾಳು. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಧೈರ್ಯ. ಮೈಕು ಕಂಡರೆ ಬಿಡುವವಳಲ್ಲ.

ಸಭೆಗೆ ಹೋದ ಕೂಡಲೇ ಬಾಗಿಲಲ್ಲಿದ್ದ ಹುಡುಗಿ ಯಾವ ಊರು ಅಂದಳು. "ಬಲಸಮುದ್ರ," ಅಂದಳು ನಮ್ಮಾಕೆ. ಸಮುದ್ರ ಅನ್ನುವ ಹೆಸರು ಕೇಳಿದ್ದೇ ಕೈಹಿಡಿದು ವೇದಿಕೆಗೆ ಕರೆದೊಯ್ದು, ಕಡಲತೀರದ ಹಳ್ಳಿಗಳ ಮುಖಂಡರ ಸಾಲಿನಲ್ಲಿ ಕೂರಿಸಿದಳು. ನಾನು ಹಿಂದಿನ ಸಾಲಿನಿಂದ ಕೈ ಬೀಸಿದೆ. ಆಕೆ ನನಗೆ ಟಾಟಾ ಮಾಡಿದಳು.

ಸಭೆ ನಡೆಸುತ್ತಿದ್ದ ಮಹನೀಯರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದು ಆಕೆಯ ಮುಂದೆ ನಿಂತರು. "ನಿಮ್ಮ ಬಲಸಮುದ್ರದಲ್ಲಿ ಕೊರೆತ ಹೇಗಿದೆ ಅಮ್ಮ?"

ಅವರು ಕೇಳಿದ್ದು ಅಲೆ ದಡವನ್ನು ಕೊರೆಯುವ ವಿಷಯ. ನಮ್ಮ ಕಡೆ ಕೊರೆಯುವುದು ಅಂದರೆ ಒಂದೇ, ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ತೋರಿಸುವವನು ಹೇಳಿದಲ್ಲೆಲ್ಲ ಕೊರೆಸುವ ಬೋರ್‌ವೆಲ್.

"ಅಯ್ಯೋ, ಕೊರೆತ ವಿಪರೀತ ಸಾರ್! ಒಂದು ಒಲ ಬಿಟ್ಟಿಲ್ಲ. ಕೊರ್ದು ಕೊರ್ದು ಭೂಮಿ ಜಲ್ಲಡಿ ಆಗೋಯ್ತು."

ಸಭೆ ಗಂಭೀರವಾಯಿತು. ಪಕ್ಕದ ಮೀನುಗಾರ ಮುಖಂಡರು ತ್ಸೊ ತ್ಸೊ ಅಂದರು. ಮಹನೀಯರು ಕನ್ನಡಕ ಸರಿ ಮಾಡಿಕೊಂಡು, "ಹಾಗಾದರೆ ನೀರು ಎಲ್ಲಿವರೆಗೆ ಬಂದಿದೆ?" ಅಂದರು.

"ನೀರಾ? ಚುಕ್ಕೆ ಬಂದಿಲ್ಲ ಸಾರ್. ಬರೀ ಧೂಳು."

"ಸಮುದ್ರದಲ್ಲೇ ನೀರಿಲ್ಲವೇ?"

"ಲೇದು ಸಾರ್! ನಮ್ಮ ತಾತನ ಕಾಲದಿಂದ್ಲೂ ಇಲ್ಲ."

"ಮತ್ತೆ ದೋಣಿಗಳನ್ನೆಲ್ಲ ಏನು ಮಾಡುತ್ತೀರಿ?"

"ದೋಣಿ ಯಾಕೆ ಸಾರ್? ಎಲ್ಲೋಗ್ಬೇಕಾದ್ರೂ ಟ್ರ್ಯಾಕ್ಟರ್ ಐತಲ್ಲ!"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಡಿಪೋ ಮುಳುಗಿತು, ಅದೂ ನೀರಿಲ್ಲದ ಸಮುದ್ರದಲ್ಲಿ. ಎದುರು ಸಾಲಿನಿಂದ ಅಕ್ಕ ಎದ್ದು, ಇವರು ನಮ್ಮ ಗೊಬ್ಬರದ ರೈತರು, ಬಲಸಮುದ್ರ ಬಯಲುಸೀಮೆಯ ಊರು ಅಂತ ಕೂಗಿ ಹೇಳಿದರು. ಸಭೆಗೆ ಸಭೆಯೇ ನಕ್ಕಿತು. ಮಹನೀಯರೂ ನಕ್ಕರು, "ಹಾಗಾದರೆ ಈ ವೇದಿಕೆ..." ಅಂತ ಮೈಕಿಗೆ ಕೈಚಾಚಿದರು. ನಮ್ಮಾಕೆ ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡಳು.

"ಇರ್ರಿ ಸಾರ್, ಬಂದಿದ್ದೀನಿ, ಮಾತಾಡಿ ಓಗ್ತೀನಿ. ನಮ್ಮೂರಾಗೆ ನೀರಿಲ್ಲ, ಬಿಸಿಲೈತೆ. ಕಣ್ಣು ಆಯೋವರ್ಗೂ ಸೋಲಾರ್ ಪ್ಲೇಟು ಆಕವ್ರೆ, ಬಿಸಿಲ್ನೇ ಕರೆಂಟ್ ಮಾಡಿ ತಂತಿಯಾಗೆ ಕಳಿಸ್ತಾರೆ. ನೀವಿಲ್ಲಿ ಮೀನಿಗೆ ಐಸು ಯಾತ್ರಲ್ಲಿ ಮಾಡ್ತೀರಿ? ಕರೆಂಟ್ನಾಗೆ ಅಲ್ವಾ? ಅಂದ್ರೆ ನಮ್ಮ ಬಿಸಿಲು ಬಂದು ನಿಮ್ಮ ಮೀನು ತಣ್ಣಗೆ ಮಾಡ್ತೈತೆ. ನೀವು ಬೇಡ ಅಂತ ನೀರಿಗೆ ಎಸೀತಿದ್ದ ತಲೆ, ಬಾಲ ಬಂದು ನಮ್ಮ ಕಡ್ಲೆಕಾಯಿ ಗಿಡ ತುಂಬಿಸ್ತೈತೆ. ಕೊಡೋದು ತಗೊಳ್ಳೋದು ಇಷ್ಟಾದ್ಮೇಲೆ ನಾವೇನು ಬೇರೆಯೋರಾ? ನಿಮ್ಮ ಸಮುದ್ರ, ನಮ್ಮ ಬಲಸಮುದ್ರ ಬೀಗ್ರು ಸಾರ್, ಬೀಗ್ರು!"

ಎದ್ದ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಮೀನು ಕತ್ತರಿಸುವ ಹೆಂಗಸರು ಬೆಂಚು ಹತ್ತಿ ಸಿಳ್ಳೆ ಹಾಕಿದರು. ಮಹನೀಯರು ತಮ್ಮ ಕೊರಳಿನ ಹಾರ ತೆಗೆದು ಆಕೆಗೆ ಹಾಕಿದರು. ಅಕ್ಕ ನನ್ನ ಹತ್ತಿರ ಓಡಿ ಬಂದು, ಕಣ್ಣೊರೆಸಿಕೊಳ್ಳುತ್ತಾ, ಮಧುಗಿರಿ ಡಿಪೋ ಇರುತ್ತದೆ, ಪಾವಗಡದಲ್ಲಿ ಇನ್ನೊಂದು ತೆರೆಯುತ್ತೇವೆ, ಅದಕ್ಕೆ ಈ ಬಲಸಮುದ್ರದವರೇ ಮ್ಯಾನೇಜರು ಅಂದರು. ನನಗೂ ಕಣ್ಣು ತುಂಬಿ ಬಂತು. ಒಂದು ಬೆಳೆಯ ಕಾಲ ಸುತ್ತಿದ ನನ್ನ ಸ್ಕೂಟರಿಗೂ ಒಂದು ಹಾರ ಹಾಕಬೇಕು ಅನಿಸಿತು.

ಸಂಜೆ ಬಸ್ಸು ಹತ್ತುವ ಮೊದಲು ಆಕೆಯನ್ನು ದಡಕ್ಕೆ ಕರೆದುಕೊಂಡು ಹೋದೆ. ಹುಟ್ಟಿ ಬೆಳೆದ ಮೇಲೆ ಮೊದಲ ಸಲ ಸಮುದ್ರ ನೋಡುತ್ತಿದ್ದಳು. ಕೊರಳಲ್ಲಿ ಹಾರ, ಕೈಯಲ್ಲಿ ಚಪ್ಪಲಿ. ಅಲೆ ಬಂದು ಕಾಲು ತೊಳೆದು ಹೋಯಿತು, ಇನ್ನೊಂದು ಬಂತು, ಮತ್ತೊಂದು ಬಂತು. ಕೈಮುಗಿಯುತ್ತಾಳೇನೋ, ಅಳುತ್ತಾಳೇನೋ ಅಂತ ನಾನು ಪಕ್ಕದಲ್ಲೇ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ದಿಗಂತದ ಮೇಲೆ ಕಣ್ಣಿಟ್ಟೇ ನನ್ನ ಮೊಣಕೈ ತಿವಿದಳು.

"ಮೇಡಂ, ಇದ್ಕೆ ಪಾಯಿಂಟ್ ತೋರ್ಸಿದ್ದು ಯಾರು, ವಿಚಾರ್ಸಿ. ಅವನ ಫೋನ್ ನಂಬರ್ ತಗೊಂಡೇ ಊರಿಗೋಗಾಣ!"